ಹಳದಿ ದೀಪದಲ್ಲಿ ಕಂಡ ಬೂದುಹಸಿರು

"ಅಲ್ಲಾಡ್ಬೇಡಿ ಮೇಷ್ಟ್ರೇ. ನಿಮ್ಮ ನೆರಳು ಬಟ್ಟೆ ಮೇಲೆ ಬೀಳ್ತಿದೆ."

"ನೆರಳಲ್ಲ ದೊಡ್ಡಮ್ಮ, ಅದು ನನ್ನ ಹೊಟ್ಟೆ. ಅದನ್ನ ಎಲ್ಲಿಗೆ ಕಳಿಸ್ಲಿ ಹೇಳಿ?"

ಬಣ್ಣದ ಮೇಷ್ಟ್ರು ಹೊಟ್ಟೆಯ ಸಮೇತ ಎರಡು ಹೆಜ್ಜೆ ಹಿಂದೆ ಸರಿದರು. ಉತ್ತರದ ಕಿಟಕಿಯ ಬೆಳಕು ಮೇಜಿನ ಮೇಲಿದ್ದ ಎರಡು ತುಂಡು ಬಟ್ಟೆಗಳ ಮೇಲೆ ಬಿತ್ತು. ಒಂದು ಈ ಕಾರ್ಖಾನೆಯದು. ಚುಕ್ಕಿ ಎಂಬ ಹುಡುಗಿ ವಿನ್ಯಾಸ ಬರೆದು ಮಾದರಿ ಮಗ್ಗದಲ್ಲಿ ನೇಯಿಸಿದ ಅಂಗೈಯಗಲದ ತುಂಡು. ಇನ್ನೊಂದು ನದಿಯಾಚೆಯ ಕಾರ್ಖಾನೆಯವರು ಅಂಗಡಿಗೆ ಬಿಟ್ಟ ಪರದೆ ಬಟ್ಟೆ. ಎರಡರಲ್ಲೂ ಅದೇ ಬಳ್ಳಿ, ಅದೇ ಎಲೆ, ಎಲೆಯ ತುದಿಯಲ್ಲಿ ಅದೇ ಪುಟ್ಟ ಸುರುಳಿ.

ಚುಕ್ಕಿಯ ಬಳ್ಳಿ ಅವಳದೇ ಕಾರ್ಖಾನೆಯ ಮಗ್ಗಕ್ಕೆ ಏರುವ ಮೊದಲು ಆಚೆ ದಡದಲ್ಲಿ ಮಾರಾಟಕ್ಕೆ ಕೂತಿತ್ತು. ಕೊಟ್ಟವಳು ಅವಳೇ ಎಂದು ನಂಬಿದ ಯಜಮಾನರು ಸಂಜೆ ಐದಕ್ಕೆ ಎಲ್ಲರೆದುರು ಅವಳನ್ನು ಕೆಲಸದಿಂದ ತೆಗೆಯುವವರಿದ್ದರು. ಈಗ ಎರಡೂವರೆ.

ಇಂಥ ಹೊತ್ತಿನಲ್ಲಿ ದೊಡ್ಡಮ್ಮನಿಗೆ ಖುಷಿಯಾಗಬಾರದಿತ್ತು. ಆದರೆ ಏನು ಮಾಡುವುದು, ಆಗಿಬಿಟ್ಟಿತ್ತು. ಮೂವತ್ತನಾಲ್ಕು ವರ್ಷ ಇದೇ ಕಿಟಕಿಯ ಕೆಳಗೆ ಕೂತು ಗ್ರಾಫ್ ಕಾಗದದ ಚೌಕಗಳಿಗೆ ಬಣ್ಣ ತುಂಬಿದ ಹೆಂಗಸು ಆಕೆ. ನಿವೃತ್ತಿಯಾಗಿ ಆರು ವರ್ಷ ಮನೆಯಲ್ಲಿ ಕೂತು ಅಡುಗೆಮನೆ ನೆಲದ ಚೌಕಗಳನ್ನು ಎಣಿಸಿ ಎಣಿಸಿ ಸಾಕಾಗಿತ್ತು. ಈಗ ಮತ್ತೆ ಎಳೆ ಎಣಿಸುವ ಗಾಜು ಕೈಗೆ ಬಂದಿದೆ, ಕೆಳಗಿನಿಂದ ಮಗ್ಗಗಳ ಸದ್ದು ಕಾಲಿಗೆ ತಾಕುತ್ತಿದೆ, ಮೇಷ್ಟ್ರು ಮೊದಲಿನಂತೆಯೇ ತಲೆ ತಿನ್ನುತ್ತಿದ್ದಾರೆ. ಕಾರಣ ಮಾತ್ರ ಒಳ್ಳೆಯದಲ್ಲ. ಚುಕ್ಕಿ ಆಕೆಯ ತಂಗಿಯ ಮಗಳು, ಆಕೆಯೇ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸಿದ ಶಿಷ್ಯೆ.

"ಬಳ್ಳಿ ಒಂದೇ. ಬಣ್ಣ ನೋಡಿ," ಎಂದರು ದೊಡ್ಡಮ್ಮ.

ಮೇಷ್ಟ್ರು ಬಗ್ಗಿದರು. ತಮಾಷೆ ನಿಂತಿತು.

"ಅವರದು ಒಂಚೂರು ಕಂದು ತಿರುಗಿದೆ."

"ಒಂಚೂರಾ?"

"ಸರಿ, ಚೆನ್ನಾಗೇ ತಿರುಗಿದೆ. ಇದು ನಮ್ಮ ಬೂದುಹಸಿರು ಅಲ್ಲವೇ ಅಲ್ಲ."

ಆ ಬೂದುಹಸಿರಿಗಾಗಿ ಚುಕ್ಕಿ ಏಳು ತಿಂಗಳು ಒದ್ದಾಡಿದ್ದಳು. ಹನ್ನೆರಡು ಬಣ್ಣದ ಪಟ್ಟಿಗಳನ್ನು ಉದ್ದದ ಹಾಸು ಎಳೆಗಳಲ್ಲಿ ಹಾಕಿ, ಅವುಗಳ ಮೇಲೆ ಹನ್ನೆರಡು ಬಣ್ಣಗಳನ್ನು ಅಡ್ಡದ ಹೊಕ್ಕು ಎಳೆಗಳಾಗಿ ಹೊಡೆಸಿ, ಒಂದೇ ಬಟ್ಟೆಯಲ್ಲಿ ನೂರ ನಲವತ್ತನಾಲ್ಕು ಚೌಕ ಮೂಡಿಸಿ, ಅದರಲ್ಲಿ ಒಂದನ್ನು ಆರಿಸಿದ್ದಳು. ಹಾಸಿನ ನೀಲಿಯೂ ಹೊಕ್ಕಿನ ಕೆಸರು ಹಳದಿಯೂ ಹೆಣೆದುಕೊಂಡಾಗ ಹುಟ್ಟುವ ಹಸಿರು ಅದು. ಬಟ್ಟೆಯಿಂದ ಎಳೆ ಬಿಚ್ಚಿದರೆ ಕೈಗೆ ಸಿಗುವುದೇ ಇಲ್ಲ. ಆರಿಸಿದ ದಿನ ಹುಡುಗಿ ದೊಡ್ಡಮ್ಮನ ಮನೆಗೆ ಓಡಿಬಂದು, ಚಪ್ಪಲಿ ಬಿಡುವುದನ್ನೂ ಮರೆತು, "ಸಿಕ್ತು, ಸಿಕ್ತು" ಎಂದು ಕುಣಿದಿದ್ದಳು. ಅಂಥವಳು ಅದನ್ನು ಪರರ ಕೈಗೆ ಹಾಕುವುದುಂಟೇ? ದೊಡ್ಡಮ್ಮನಿಗೆ ಇದು ಒಳಮನಸ್ಸಿಗೇ ಗೊತ್ತಿತ್ತು. ಯಜಮಾನರಿಗೆ ಮಾತ್ರ ಒಳಮನಸ್ಸಿನ ಸಾಕ್ಷಿ ಸಾಲದು.

"ಮೊದಲು ಬಳ್ಳಿ ಮುಗಿಸೋಣ. ಬಣ್ಣ ಆಮೇಲೆ," ಎಂದು ಆಕೆ ಎರಡೂ ತುಂಡುಗಳನ್ನು ಮಡಚಿಕೊಂಡರು.

*

ಪಕ್ಕದ ಕೋಣೆಯ ತೂತಿನ ಮಾಮನಿಗೆ ಆ ಹೆಸರು ಬಂದದ್ದು ಅವರ ಕೆಲಸದಿಂದ. ಗ್ರಾಫ್ ಕಾಗದದ ಒಂದೊಂದು ಸಾಲನ್ನೂ ನೋಡಿ ಒಂದೊಂದು ರಟ್ಟಿನ ಕಾರ್ಡಿಗೆ ತೂತು ಹೊಡೆಯುವುದು; ಯಾವ ಎಳೆ ಮೇಲೇಳಬೇಕೆಂದು ಮಗ್ಗಕ್ಕೆ ಹೇಳುವುದು ಆ ತೂತುಗಳೇ. ಮೂವತ್ತು ವರ್ಷಗಳಲ್ಲಿ ಎಷ್ಟು ಲಕ್ಷ ತೂತು ಹೊಡೆದಿದ್ದೀರಿ ಎಂದು ಕೇಳಿದರೆ, "ಹೊಡೆದದ್ದು ಗೊತ್ತಿಲ್ಲ, ತಪ್ಪಿ ಹೊಡೆದದ್ದು ಹನ್ನೊಂದು," ಎನ್ನುವ ಜಂಬದ ಮನುಷ್ಯ.

ಚುಕ್ಕಿ ಅಲ್ಲೇ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ವಿನ್ಯಾಸದ ಕೋಣೆಗೆ ಕಾಲಿಡಬಾರದೆಂದು ಅವಳಿಗೆ ಅಪ್ಪಣೆಯಾಗಿತ್ತು. ಕೈ ಸುಮ್ಮನಿರಲಾರದೆ ಕೆಟ್ಟ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೊಸದೊಂದು ಎಲೆ ಗೀಚುತ್ತಿದ್ದಳು.

"ಕೆಲಸ ಹೋಗೋ ದಿನಾನೂ ಬಿಡಲ್ವಲ್ಲೇ ನೀನು," ಎಂದರು ದೊಡ್ಡಮ್ಮ.

"ಹೋಗೋದು ಐದಕ್ಕೆ ತಾನೇ ದೊಡ್ಡಮ್ಮ? ಅಲ್ಲೀವರೆಗೆ ಇದು ನಂದೇ," ಎಂದು ಹುಡುಗಿ ನಕ್ಕಳು. ಕಣ್ಣು ಮಾತ್ರ ಕೆಂಪಾಗಿತ್ತು.

ಮಾಮ ಆಚೆ ದಡದ ಬಟ್ಟೆಯ ಮೇಲೆ ಗಾಜಿಟ್ಟು, ಸೂಜಿಯಿಂದ ಒಂದೊಂದೇ ಎಳೆ ತಳ್ಳುತ್ತಾ ಎಣಿಸಿದರು. ಒಂದು ಎಲೆಯ ಸುರುಳಿಯಿಂದ ಅದೇ ಎಲೆ ಮತ್ತೆ ಬರುವಲ್ಲಿನ ಸುರುಳಿಯವರೆಗೆ. ಎಣಿಸುವಾಗ ಮಾಮನ ತುಟಿ ಅಲ್ಲಾಡುತ್ತದೆ, ಆಗ ಯಾರೂ ಸೀನಕೂಡದು.

"ನಾನೂರ ಎಂಬತ್ತೊಂದು," ಎಂದರು ಕೊನೆಗೆ.

"ನಂದು ನಾನೂರ ಎಂಬತ್ತು," ಎಂದಳು ಚುಕ್ಕಿ ಥಟ್ಟನೆ.

"ಅದಕ್ಕೇ ಇನ್ನೊಂದ್ಸಲ ಎಣಿಸ್ದೆ ಮಗಳೇ. ಎಂಬತ್ತೊಂದೇ. ಇಲ್ಲಿ ನೋಡು, ಎಲೆ ನಡುವಿನಲ್ಲಿ ಎರಡು ಎಳೆ ಒಂದೇ ಥರ ಬಂದು ಕೂತಿವೆ. ಅವಳಿ ಜವಳಿ."

ದೊಡ್ಡಮ್ಮ ಗಾಜಿನಲ್ಲಿ ಕಣ್ಣಿಟ್ಟರು. ಬಾಗಿ ಇಳಿಯಬೇಕಿದ್ದ ಎಲೆಯ ಅಂಚು ಅಲ್ಲೊಂದು ಕಡೆ ಕೂದಲೆಳೆಯಷ್ಟು ನಿಂತು ಮುಂದೆ ಹೋಗಿತ್ತು. ಆಚೆಯವರು ಮಗ್ಗದ ದೋಷವೆಂದುಕೊಂಡು ಸುಮ್ಮನಾಗಿರಬೇಕು. ದೊಡ್ಡಮ್ಮ ಸುಮ್ಮನಾಗಲಿಲ್ಲ. ಆಕೆಯ ಮುಖದ ಮೇಲೆ ನಿಧಾನವಾಗಿ ನಗೆ ಹರಡಿತು.

"ಕೊಂಡಿ ಸಾಲು!"

ಚುಕ್ಕಿ ಸ್ಟೂಲಿನಿಂದ ಜಿಗಿದಳು. ಮಾಮ ತೊಡೆ ತಟ್ಟಿಕೊಂಡರು. ಈ ಮೂವರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಉದ್ದ ವಿನ್ಯಾಸ ಒಂದು ಹಾಳೆಯಲ್ಲಿ ಹಿಡಿಸುವುದಿಲ್ಲ, ಎರಡು ಹಾಳೆ ಬೇಕು. ಮೊದಲ ಹಾಳೆಯ ಕೊನೆಯ ಸಾಲನ್ನೇ ಎರಡನೆಯ ಹಾಳೆಯ ಮೊದಲ ಸಾಲಾಗಿ ಮತ್ತೆ ಬರೆಯುವುದು ಈ ಕಾರ್ಖಾನೆಯ ರೂಢಿ; ಹಾಳೆಗಳು ಅದಲುಬದಲಾಗದಿರಲೆಂದು ದೊಡ್ಡಮ್ಮನೇ ಹಾಕಿಕೊಟ್ಟ ಪದ್ಧತಿ. ಕಾಗದದ ಮೇಲೆ ಆ ಸಾಲು ಎರಡು ಸಲ, ಬಟ್ಟೆಯಲ್ಲಿ ಒಂದೇ ಸಲ. ಅದಕ್ಕೊಂದು ಗುರುತು ಹಾಕುವ ಅಭ್ಯಾಸವೂ ಇಲ್ಲ. ಎಲ್ಲರಿಗೂ ಗೊತ್ತಿರುವುದಕ್ಕೆ ಗುರುತೇಕೆ?

"ನಕಲು ಇಳಿಸಿದವರಿಗೆ ಅದು ಗೊತ್ತಿರ್ಲಿಲ್ಲ," ಎಂದರು ಮಾಮ. "ಕಂಡದ್ದನ್ನ ಕಂಡ ಹಾಗೆ ಚೌಕ ಚೌಕ ಬರ್ಕೊಂಡಿದಾರೆ. ಇದು ನನ್ನ ಕೈಯಲ್ಲ, ಚುಕ್ಕಿ ಕೈಯೂ ಅಲ್ಲ."

"ನಾನೇ ಮಾರಿದ್ರೆ ಸರಿಯಾಗಾದ್ರೂ ಮಾರ್ತಿದ್ದೆ," ಎಂದು ಚುಕ್ಕಿ ದೊಡ್ಡಮ್ಮನ ಕೊರಳಿಗೆ ಜೋತುಬಿದ್ದಳು.

"ಬಿಡೇ, ಉಸಿರು ಕಟ್ಟುತ್ತೆ! ನೀನು ಕಾಗದ ಕೊಟ್ಟೆ, ಅವರು ತಪ್ಪಾಗಿ ಓದ್ಕೊಂಡ್ರು ಅಂದ್ರೆ ಏನು ಹೇಳ್ತೀಯ? ಯಜಮಾನರು ಅದನ್ನೇ ಕೇಳೋದು."

ಕೊರಳಿನ ಹಿಡಿತ ಸಡಿಲವಾಯಿತು. ದೊಡ್ಡಮ್ಮನಿಗೆ ಪಾಪ ಎನ್ನಿಸಿತು, ಆದರೆ ಅರ್ಧ ಗೆದ್ದದ್ದನ್ನು ಪೂರ್ತಿ ಗೆದ್ದೆವೆಂದು ಮಗುವಿಗೆ ಸುಳ್ಳು ಹೇಳುವ ಪೈಕಿ ಆಕೆಯಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಲೋಟಗಳ ಸದ್ದಾಯಿತು. ಚುಕ್ಕಿಯ ಅಮ್ಮ, ಎಂದರೆ ದೊಡ್ಡಮ್ಮನ ತಂಗಿ, ಎಲ್ಲರಿಗೂ ಚಹಾ ತಂದಿದ್ದಳು. ಕಾರ್ಖಾನೆಯ ನೂಲಿನ ಉಗ್ರಾಣದ ಉಸ್ತುವಾರಿ ಅವಳದು. ಯಾವ ಹೊತ್ತಿನಲ್ಲಿ ನೋಡಿದರೂ ಅವಳ ಸೆರಗಿನ ಮೇಲೆ ನಾಲ್ಕು ಬಣ್ಣದ ನೂಲಿನ ಧೂಳು ಇದ್ದೇ ಇರುತ್ತದೆ.

"ಏನಾದ್ರೂ ಸಿಕ್ತಾ ಅಕ್ಕ?"

"ಸಿಕ್ತಾ ಇದೆ. ಕದ್ದವರು ಚೌಕ ಓದೋಕೆ ಬಾರದವರು."

"ಅಯ್ಯೋ, ಹಾಗಿದ್ರೆ ಊರಿಗೂರೇ ಕಳ್ಳರಾದ್ರಲ್ಲ!" ಎಂದು ತಂಗಿ ನಕ್ಕಳು. ಕಷ್ಟ ಬಂದಷ್ಟೂ ಹೆಚ್ಚು ನಗುವ ಹೆಣ್ಣು ಅವಳು, ಚಿಕ್ಕಂದಿನಿಂದಲೂ ಹಾಗೇ. ಮಗಳ ತಲೆ ಸವರಿ, ಲೋಟ ಕೈಗಿಟ್ಟು, "ಕುಡಿಯೇ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದಳು. ಈ ಇಬ್ಬರೂ ಪಕ್ಕಪಕ್ಕ ನಿಂತದ್ದನ್ನು ನೋಡಿ ದೊಡ್ಡಮ್ಮನ ಮನಸ್ಸು ತುಂಬಿಬಂತು. ಇವರಿಗಾಗಿ ಯಜಮಾನರ ಜೊತೆ ಜಗಳವಾದರೆ ಆಗಲಿ.

*

"ಆಚೆಯವರಿಗೆ ನಮ್ಮ ನೂಲು ಸಿಕ್ಕಿಲ್ಲ ದೊಡ್ಡಮ್ಮ. ಬರೆದಿಟ್ಕೊಳ್ಳಿ." ಮೇಷ್ಟ್ರು ಎರಡೂ ತುಂಡುಗಳನ್ನು ಕಿಟಕಿಯಿಂದ ಟ್ಯೂಬ್‌ಲೈಟಿನ ಕೆಳಗೆ, ಅಲ್ಲಿಂದ ಮತ್ತೆ ಕಿಟಕಿಗೆ ಒಯ್ದು ತರುತ್ತಿದ್ದರು. "ಅಲ್ಲಿ ಬಣ್ಣ ಹಾಕೋನು ನನ್ನ ಹತ್ರ ಕಲಿತೋನು. ನೂಲಿನ ಚೂರು ಸಿಕ್ಕಿದ್ರೂ ಬಯಲಿಗೆ ಹಿಡಿದು, ಬಿಸಿಲಲ್ಲಿ ನೋಡಿ, ಕಣ್ಮುಚ್ಚಿ ಹೊಂದಿಸ್ತಿದ್ದ. ಇಷ್ಟು ತಪ್ಪೋ ಆಸಾಮಿ ಅಲ್ಲ."

"ಹಾಗಾದ್ರೆ ಅವನಿಗೆ ಏನು ಸಿಕ್ತು?"

"ನಂಬರು. ಶೇಡ್ ಕಾರ್ಡಿನ ನಂಬರು. ಯಾರೋ ನಮ್ಮ ತುಂಡಿನ ಪಕ್ಕ ಶೇಡ್ ಕಾರ್ಡ್ ಇಟ್ಟು, ಅದರಲ್ಲಿ ಅಂಟಿಸಿರೋ ನೂಲಿನ ಬಣ್ಣಗಳಲ್ಲಿ ಇದಕ್ಕೆ ಇದು ಸರಿ ಅಂತ ನಂಬರು ಬರ್ಕೊಂಡು ಕೊಟ್ಟಿದಾರೆ. ತನಗೆ ಸಿಕ್ಕ ನಂಬರಿಗೆ ಸರಿಯಾಗಿ ಅವನು ನೂಲು ಬಣ್ಣಕ್ಕೆ ಹಾಕಿದಾನೆ."

"ಇಷ್ಟು ಕಂದಾಗಿರೋದನ್ನ ಸರಿ ಅಂತ ಯಾವ ಕುರುಡರು ಬರ್ಕೊಂಡ್ರು?"

ಮೇಷ್ಟ್ರು ಮೇಜಿನ ಖಾನೆ ಎಳೆದು, ಚಿಂದಿಯಲ್ಲಿ ಸುತ್ತಿಟ್ಟ ಹಳೆಯ ಹಳದಿ ಬಲ್ಬೊಂದನ್ನು ಹೊರತೆಗೆದರು. ಈ ಕಾರ್ಖಾನೆಯಿಂದ ಹಳದಿ ಬಲ್ಬುಗಳನ್ನು ಓಡಿಸಲು ಅವರು ಹತ್ತು ವರ್ಷ ಜಗಳವಾಡಿದ್ದರು. ಹಳದಿ ಬೆಳಕಿನಲ್ಲಿ ಬಣ್ಣ ನೋಡುವುದೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನೋಡುವುದೂ ಒಂದೇ ಎಂಬುದು ಅವರ ವಾದ. ಹೊಸಬರಿಗೆ ಪಾಠ ಹೇಳಲೆಂದು ಒಂದನ್ನು ಉಳಿಸಿಕೊಂಡಿದ್ದರು.

ಕಿಟಕಿಯ ಬಾಗಿಲು ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ, ಬಲ್ಬು ಹಾಕಿದರು.

ಎರಡು ಬೂದುಹಸಿರುಗಳೂ ಒಂದಾದವು. ಎಲ್ಲಿ ಒಂದು ತುಂಡು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಎಂದು ದೊಡ್ಡಮ್ಮ ಬೆರಳಿಟ್ಟು ಹುಡುಕಬೇಕಾಯಿತು.

"ಅಂದ್ರೆ ಕದ್ದವರು ಏನನ್ನೂ ಹೊರಗೆ ಒಯ್ದಿಲ್ಲ," ಎಂದರು ಆಕೆ, ಒಂದೊಂದೇ ಮಾತು ಜೋಡಿಸುತ್ತಾ. "ಹಳದಿ ದೀಪದ ಕೆಳಗೆ ಕೂತು ಗ್ರಾಫ್ ಇಳಿಸ್ಕೊಂಡಿದಾರೆ, ನಂಬರು ಬರ್ಕೊಂಡಿದಾರೆ. ಮೇಷ್ಟ್ರೇ, ಹಳದಿ ಬಲ್ಬು ಎಲ್ಲ ತೆಗೆಸಿದ್ರಲ್ಲ ನೀವು?"

"ಎಲ್ಲಾನೂ."

"ಒಂದನ್ನೂ ಬಿಡದೆ?"

ಮೇಷ್ಟ್ರು ಗೋಡೆಯಾಚೆಗೆ, ಮಹಡಿಯ ಕೊನೆಯ ಕೋಣೆಯ ಕಡೆಗೆ, ಗದ್ದ ಎತ್ತಿ ತೋರಿಸಿದರು.

*

ಯಜಮಾನರಿಗೆ ಬಹಳ ದಿನದಿಂದ ಕಣ್ಣಿನ ತೊಂದರೆ. ಬಿಳಿ ಬೆಳಕು ಚುಚ್ಚುತ್ತದೆಂದು ಕಿಟಕಿಗೆ ದಪ್ಪ ಪರದೆ ಎಳೆಸಿ, ಮೇಜಿನ ಮೇಲೆ ಹಳೆಯ ಹಳದಿ ದೀಪವೊಂದನ್ನೇ ಇಟ್ಟುಕೊಂಡಿದ್ದರು. ಅವರ ಬೆನ್ನ ಹಿಂದೆ ಮರದ ಕಪಾಟು. ಮಗ್ಗಕ್ಕೆ ಏರದ ವಿನ್ಯಾಸಗಳ ಗ್ರಾಫೂ ಮಾದರಿಯೂ ಬೀಗದೊಳಗೆ ಇರುವುದು ಅಲ್ಲೇ. ದೊಡ್ಡಮ್ಮ ಬೆಳಿಗ್ಗೆ ಸಹಿ ಹಾಕಿ ತುಂಡು ತೆಗೆದುಕೊಂಡದ್ದೂ ಅಲ್ಲಿಂದಲೇ.

"ಇನ್ನೂ ಮುಕ್ಕಾಲು ಗಂಟೆ ಇದೆ ದೊಡ್ಡಮ್ಮ," ಎಂದರು ಯಜಮಾನರು, ಚುಕ್ಕಿಯನ್ನು ಕೆಲಸದಿಂದ ತೆಗೆಯಲು ಬರೆದಿಟ್ಟ ಪತ್ರವನ್ನು ಅಂಗೈಯಡಿ ಒತ್ತಿಕೊಂಡು. "ಆದ್ರೆ ನಿಮ್ಮ ಮಾತಿಗೆ ಕರಗೋ ಹಾಗಿದ್ರೆ ನಾನು ಈ ಕುರ್ಚೀಲಿ ಕೂರೋಕಾಗಲ್ಲ."

"ಮಾತು ಬೇಡ. ನೀವು ನೋಡಿದ್ರೆ ಸಾಕು."

ದೊಡ್ಡಮ್ಮ ಎರಡೂ ತುಂಡುಗಳನ್ನು ದೀಪದ ಕೆಳಗೆ ಒತ್ತೊತ್ತಾಗಿ ಇಟ್ಟರು.

"ಒಂದೇ ಬಣ್ಣ. ನಾನೂ ಅದನ್ನೇ ಹೇಳ್ತಿರೋದು!"

"ಒಂದು ನಿಮಿಷ ಪರದೆ ಸರಿಸ್ತೀನಿ. ಕಣ್ಣು ಕಿರಿದು ಮಾಡ್ಕೊಳ್ಳಿ."

ಅಪ್ಪಣೆಗೆ ಕಾಯದೆ ಆಕೆ ಪರದೆ ಎಳೆದರು. ಹಗಲು ಒಳನುಗ್ಗಿತು. ಯಜಮಾನರು ಹಣೆಗೆ ಕೈ ಅಡ್ಡ ಹಿಡಿದು ಬಗ್ಗಿ ನೋಡಿದರು, ಬಹಳ ಹೊತ್ತು ನೋಡಿದರು. ನೇಕಾರನ ಮಗ, ಅರ್ಥವಾಗಲು ಎರಡನೇ ಮಾತು ಬೇಕಿರಲಿಲ್ಲ.

"ಈ ಕೋಣೇಲಿ," ಎಂದರು. ಆಮೇಲೆ ದನಿ ಏರಿತು. "ಅಂದ್ರೆ ನನ್ನ ಬಟ್ಟೆ ನಾನೇ ಕದ್ದೆ ಅಂತೀರಾ?"

"ನೀವಾಗಿದ್ರೆ ಕೊಂಡಿ ಸಾಲು ಎರಡು ಸಲ ಬರ್ತಿರ್ಲಿಲ್ಲ." ಮಾಮನ ಎಣಿಕೆಯಲ್ಲಿ ಹೆಚ್ಚಾಗಿ ಬಂದ ಆ ಒಂದು ಎಳೆಯನ್ನು ಆಕೆ ಸೂಜಿಯ ಮೊನೆಯಿಂದ ತೋರಿಸಿದರು. "ನಿಮ್ಮಪ್ಪ ನಿಮ್ಮನ್ನ ಎರಡು ವರ್ಷ ನನ್ನ ಪಕ್ಕ ಕೂರಿಸಿದ್ರು. ಮೊದಲನೇ ವಾರ ನೀವು ಮಾಡಿದ ತಪ್ಪೇ ಇದು."

ಸಿಟ್ಟಿನ ನಡುವೆಯೇ ಯಜಮಾನರಿಗೆ ನಗು ಬಂತು. "ಕಿವಿ ಹಿಂಡಿದ್ರಿ."

"ಹಿಂಡಿದ್ದೆ. ಮತ್ತೆ ತಪ್ಪು ಮಾಡ್ಲಿಲ್ಲ ನೀವು. ಚುಕ್ಕಿ ಕಿವಿಯಂತೂ ಎರಡು ಸಲ ಹಿಂಡಿದೀನಿ. ಗ್ರಾಫ್ ಬರೆದವಳು ಅವಳು, ಅದನ್ನ ಕದ್ದು ನೋಡೋಕೆ ನಿಮ್ಮ ದೀಪ ಯಾಕೆ ಬೇಕಿತ್ತು ಅವಳಿಗೆ? ಆ ಹಸಿರು ಹುಟ್ಟೋ ಎರಡೂ ನೂಲಿನ ನಂಬರು ಅವಳಿಗೆ ನಿದ್ದೇಲಿ ಕೇಳಿದ್ರೂ ಬರುತ್ತೆ. ಶೇಡ್ ಕಾರ್ಡ್ ಇಟ್ಟು ತಡಕಾಡೋ ಅಗತ್ಯ ಏನಿತ್ತು?"

ಯಜಮಾನರು ಪತ್ರವನ್ನು ಎರಡು ಮಡಿಕೆ ಮಾಡಿದರು. ಆಮೇಲೆ ಹರಿದರು. ನಾಲ್ಕು ಚೂರಾಗುವವರೆಗೂ ಹರಿದು ಬುಟ್ಟಿಗೆ ಹಾಕಿದರು.

"ಹುಡುಗಿಗೆ ಅನ್ಯಾಯ ಮಾಡ್ತಿದ್ದೆ," ಎಂದರು ಸಣ್ಣ ದನಿಯಲ್ಲಿ.

ದೊಡ್ಡಮ್ಮ ಕೇಳದೆಯೇ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟರು. ಕೆಳಗೆ ಮಗ್ಗಗಳು ನಡೆಯುತ್ತಿದ್ದವು, ಎದೆಯ ಮೇಲಿನ ಕಲ್ಲು ಇಳಿದಿತ್ತು, ಓಡಿಹೋಗಿ ಚುಕ್ಕಿಗೆ ಹೇಳಬೇಕೆಂದು ಮನಸ್ಸು ಚಡಪಡಿಸಿತು. ಆಗಲೇ ಎದ್ದುಹೋಗಿದ್ದರೆ ಎಷ್ಟು ಚೆನ್ನಾಗಿತ್ತು!

"ಆದ್ರೆ ಐದಕ್ಕೆ ಎಲ್ಲರೂ ಅಂಗಳದಲ್ಲಿ ಸೇರ್ತಾರೆ," ಎಂದರು ಯಜಮಾನರು. "ಚುಕ್ಕಿ ಅಲ್ಲ ಅಂದ್ರೆ ಮತ್ಯಾರು ಅಂತ ಕೇಳ್ತಾರೆ. ಹೆಸರು ಹೇಳದೆ ಬಿಟ್ರೆ, ದೊಡ್ಡಮ್ಮ ಬಂದು ತಂಗಿ ಮಗಳನ್ನ ಬಚಾವ್ ಮಾಡಿದ್ರು ಅಂತಾರೆ. ಅವಳು ಇಲ್ಲಿ ತಲೆಯೆತ್ತಿ ಕೆಲಸ ಮಾಡೋಕಾಗಲ್ಲ."

"ಹೇಳೋಣ. ಈ ಕೋಣೆದು, ಕಪಾಟಿಂದು ಬೀಗದ ಕೈ ಯಾರ್ಯಾರ ಹತ್ರ ಇರುತ್ತೆ?"

"ನನ್ನ ಹತ್ರ ಮಾತ್ರ."

"ಯಾವಾಗಲೂ?"

ಯಜಮಾನರು ಎದ್ದು ಪರದೆಯನ್ನು ಮತ್ತೆ ಮುಚ್ಚಿದರು.

"ಕಣ್ಣಿನ ಆಪರೇಷನ್‌ಗೆ ಹೋದಾಗ ಹನ್ನೆರಡು ದಿನ ಆಸ್ಪತ್ರೇಲಿದ್ದೆ, ಈ ವಿನ್ಯಾಸ ಕಪಾಟಿಗೆ ಬಂದ ಮೇಲೇನೇ. ಬೀಗದ ಕೈಗೊಂಚಲು ಒಬ್ಬರಿಗೆ ಕೊಟ್ಟು ಹೋಗಿದ್ದೆ. ಕೋಣೆ ಗುಡಿಸಿ, ಗಾಳಿಯಾಡಿಸಿ ಇಡ್ತೀನಿ ಅಂತ ಅವರೇ ಕೇಳಿ ಇಸ್ಕೊಂಡ್ರು. ಅವರ ಮೇಲೆ ಅನುಮಾನ ಪಡೋದು ನನ್ನ ತಲೆಗೇ ಬರಲಿಲ್ಲ. ಈಗಲೂ ಬರಬಾರದಿತ್ತು." ಅವರು ದೊಡ್ಡಮ್ಮನ ಮುಖ ನೋಡಲಿಲ್ಲ. "ನಿಮ್ಮ ತಂಗಿ."

ದೊಡ್ಡಮ್ಮನಿಗೆ ಮೊದಲು ಸಿಟ್ಟು ಬಂತು, ಯಜಮಾನರ ಮೇಲೆ. ಹೆತ್ತ ತಾಯಿ ಹಾಗೆ ಮಾಡುತ್ತಾಳೆಯೇ? ಆಮೇಲೆ, ಬೇಡ ಬೇಡವೆಂದರೂ, ತಲೆ ತನ್ನ ಪಾಡಿಗೆ ಎಣಿಸತೊಡಗಿತು. ಶೇಡ್ ಕಾರ್ಡ್ ಇರುವುದು ನೂಲಿನ ಉಗ್ರಾಣದಲ್ಲಿ. ಅದನ್ನಿಟ್ಟು ಬಣ್ಣಕ್ಕೆ ನಂಬರು ಹೊಂದಿಸುವುದು ತಂಗಿಯ ದಿನನಿತ್ಯದ ಕೆಲಸ. ಗ್ರಾಫಿನ ಮುಂದೆ ಅವಳು ಒಂದು ದಿನವೂ ಕೂತವಳಲ್ಲ.

"ಕರೆಸಿ," ಎಂದರು ದೊಡ್ಡಮ್ಮ. "ಅವಳು ಇಲ್ಲ ಅಂತಾಳೆ. ಅಂದ ಕೂಡಲೇ ನೀವು ನನ್ನ ಹತ್ರ ಕ್ಷಮೆ ಕೇಳ್ಬೇಕು."

"ಕಾಲಿಗೇ ಬೀಳ್ತೀನಿ," ಎಂದು ಯಜಮಾನರು ಕರೆಗಂಟೆ ಒತ್ತಿದರು.

ತಂಗಿ ಬಂದಳು, ಸೆರಗಿಗೆ ಕೈಯೊರೆಸಿಕೊಳ್ಳುತ್ತಾ. ಬಾಗಿಲಲ್ಲೇ ಕಂಡದ್ದು ಅವಳಿಗೆ ಸಾಕಾಯಿತು: ಉರಿಯುವ ದೀಪ, ಅದರಡಿ ಒಂದಾಗಿ ಕಾಣುವ ಎರಡು ತುಂಡು, ಕುರ್ಚಿಯಲ್ಲಿ ಅಕ್ಕ. ಮುಖದ ಮೇಲಿನ ನಗೆ ಮೊದಲ ಸಲ ಎಲ್ಲಿಗೋ ಹೊರಟುಹೋಯಿತು.

"ಪತ್ರ ಎಲ್ಲಿ?" ಎಂದು ಕೇಳಿದಳು.

"ಹರಿದ್ರು," ಎಂದರು ದೊಡ್ಡಮ್ಮ. "ಚುಕ್ಕಿ ತಪ್ಪಿಲ್ಲ ಅಂತ ಗೊತ್ತಾಯ್ತು. ಅವಳ ಕೆಲಸ ಉಳೀತು ಕಣೇ. ನೀನು ಒಂದು ಮಾತು ಹೇಳಿಬಿಡು, ನಿಂಗೂ ಇದಕ್ಕೂ ಸಂಬಂಧ ಇಲ್ಲ ಅಂತ. ಅಷ್ಟೇ. ನಾವು ಮನೆಗೆ ಹೋಗೋಣ."

ತಂಗಿ ಬುಟ್ಟಿಯಲ್ಲಿದ್ದ ಚೂರುಗಳನ್ನು ನೋಡಿದಳು. ಸಮಾಧಾನವಾದವರ ಮುಖವಾಗಿರಲಿಲ್ಲ ಅದು. ಬಾಗಿಲು ಹಿಂದಕ್ಕೆ ತಳ್ಳಿ, ಭದ್ರವಾಗಿ ಮುಚ್ಚಿ, ಅದಕ್ಕೇ ಬೆನ್ನು ಒರಗಿಸಿ ನಿಂತಳು.

"ಅವಳ ಕೆಲಸ ಹೋಗ್ಲಿ ಅಂತಾನೇ ಮಾಡ್ದೆ ಅಕ್ಕ. ಇವತ್ತೇ ಹೋಗ್ಲಿ, ಈ ಬಾಗಿಲು ಅವಳು ಮತ್ತೆ ತುಳೀದೇ ಇರ್ಲಿ ಅಂತ ಮಾಡ್ದೆ." ಅವಳ ಬೆರಳು ಎದ್ದು ಯಜಮಾನರ ಕಡೆ ತಿರುಗಿತು. "ಯಾಕೆ ಅಂತ ನನ್ನ ಕೇಳ್ಬೇಡ. ಸಂಜೆ ಹೊತ್ತು ಅವಳೊಬ್ಬಳನ್ನೇ ಈ ಕೋಣೆಗೆ ಯಾಕೆ ಕರೆಸ್ಕೋತಾರೆ ಅಂತ ಅವರನ್ನ ಕೇಳು."